ಮನಿಲಾದ ತಾಯಿಗೆ ಕುಮಟೆಯ ಅರ್ಥಧಾರಿ

ಭಾನುವಾರ ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ತ್ರ್ಯಂಬಕನಿಗೆ, ಮೂಗಿನ ಕೆಳಗೆ ಬೆಳ್ಳಗೆ ನೊರೆಯಾದ ಈ ಮುಖ ಮನಿಲಾ ಪಟ್ಟಣದ ಬಡ ವಿಧವೆಯದೆಂದು ಯಾರಾದರೂ ನಂಬುತ್ತಾರೆಯೇ ಎಂಬ ಸಂಶಯ ಬಂತು. ನಂಬುತ್ತಾರೆ ಎಂದು ತಾನೇ ಸಮಾಧಾನ ಹೇಳಿಕೊಂಡ. ತಾಳಮದ್ದಳೆಯಲ್ಲಿ ಹೊಟ್ಟೆ ಬಂದ, ಎಲೆಯಡಿಕೆ ಜಗಿಯುವ, ಬೋಳುತಲೆಯ ಹಿರಿಯರು ಸೀತೆಯಾಗಿ ಅತ್ತಾಗ ಕುಮಟೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡಿಲ್ಲವೇ? ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಪಾತ್ರವಾಗಿ, ಬಾಯಿಗೆ ಬಂದದ್ದನ್ನು ತೂಕವಾಗಿ ಹೇಳುವುದು, ಅಷ್ಟೇ. ಅದಕ್ಕೇ ಅರ್ಥ ಹೇಳುವುದೆಂದು ಹೆಸರು. ಮುಖದ್ದೇನೂ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು, ಸಿನೆಮಾದ ಈ ತಾಯಿಯ ಪಾತ್ರ ನಿನ್ನದೇ ಎಂದು ತಾನು ಬಾಯಿ ತುಂಬ ಮಾತು ಕೊಟ್ಟಿದ್ದ ಧನ್ಯಾ ಎಂಬ ವಿದ್ಯಾರ್ಥಿನಿಗೆ, ಅದು ನಿನ್ನದಲ್ಲ, ನನ್ನದು ಎಂದು ಇವತ್ತು ಮಧ್ಯಾಹ್ನದೊಳಗೆ ಹೇಳಬೇಕಾಗಿದ್ದದ್ದು. ಬ್ಲೇಡು ಗಲ್ಲದ ಮೇಲೆ ಸಣ್ಣಗೆ ಗೀರಿತು. ನೊರೆಯ ಮೇಲೆ ಕೆಂಪು ಮೂಡಿದ್ದನ್ನು ನೋಡಿ, ದೇವರು ಇಷ್ಟು ಬೇಗ ಲೆಕ್ಕ ಚುಕ್ತಾ ಮಾಡಿಕೊಂಡನಲ್ಲ, ಇನ್ನು ಪಾಪದ ಬಾಕಿ ಇರಲಿಕ್ಕಿಲ್ಲ ಎಂದು ಅವನಿಗೆ ಒಳಗೊಳಗೇ ಸ್ವಲ್ಪ ಹಗುರವಾಯಿತು.

"ಕೂಸಿಗೆ ಹೇಳಾತಾ?" ಎಂದಳು ಅಡುಗೆಮನೆಯಿಂದ ಹೆಂಡತಿ ವನಮಾಲಾ.

"ಇಂದು ಹೇಳ್ತೆ."

"ಹೇಳ್ತೆ ಹೇಳ್ತೆ ಹೇಳಿ ವಾರ ಆತು. ಅದು ಪಾಪ ಬಸ್ಸಲ್ಲಿ ಕೂತ್ಕಂಡೂ ಬಾಯಿಪಾಠ ಮಾಡ್ತಾ ಇದ್ದಡ."

"ಅದರ ಮಾತು ಶುದ್ಧ ಇಲ್ಲೆ ಹೇಳಿ ಅಧ್ಯಕ್ಷರೇ ಹೇಳಿದ್ದು. ಆನು ಎಂತ ಮಾಡಲಿ?"

"ಅಧ್ಯಕ್ಷರು ಹೇಳಿದ್ದಾ, ಅವರ ಬಾಯಲ್ಲಿ ಹೇಳಿಸಿದ್ದಾ?" ಎಂದು ವನಮಾಲಾ ಒಗ್ಗರಣೆ ಹಾಕಿದಳು. ಸಾಸಿವೆಯ ಸದ್ದಿನಲ್ಲಿ ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಮದುವೆಯಾದಂದಿನಿಂದ ಅವರ ಸಂಸಾರವನ್ನು ಕಾಪಾಡಿದ್ದು ಬಹುಪಾಲು ಆ ಸಾಸಿವೆಯೇ.

ಸಿನೆಮಾ ಬಂದದ್ದು ದುಬಾಯಿಯಿಂದ, ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿಯ ಕೃಪೆಯಿಂದ. ಕುಮಟೆಯ ಚಿತ್ರಸಮಾಜಕ್ಕೆ ಆವರೆಗೆ ಪೋಲೆಂಡು, ಇರಾನು, ಜಪಾನುಗಳಲ್ಲಿ ಬಡತನ ಹೇಗಿದೆ ಎಂಬುದು ಚೆನ್ನಾಗಿ ತಿಳಿದಿತ್ತು. ಫಿಲಿಪೈನ್ಸಿನ ಬಡತನ ಒಂದು ಬಾಕಿಯಿತ್ತು. ತ್ರ್ಯಂಬಕ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಈ ಚಿತ್ರದ ಬಗ್ಗೆ ಓದಿದ್ದ. ರೈಲುಹಳಿಯ ಪಕ್ಕದ ಕೊಳೆಗೇರಿ, ಅಲ್ಲೊಬ್ಬ ತಾಯಿ, ಅವಳಿಗೊಬ್ಬ ಮಗಳು. ಬಡವರ ಕಥೆಯನ್ನು ಬಡವರ ಬಾಯಿಂದಲೇ ಹೇಳಿಸಿದ್ದಾರೆ, ನಟಿಸಿದವರೂ ಆ ಕೇರಿಯವರೇ, ನಿಜವಾದ ಪ್ರಾತಿನಿಧ್ಯವೆಂದರೆ ಇದು ಎಂದು ಅದರಲ್ಲಿ ಹೊಗಳಿತ್ತು. ಆದರೆ ದುಬಾಯಿಯಲ್ಲಿ ಆ ಸೀಡಿಗಳನ್ನು ಮಾರುವುದು ಅಲ್ಲಿ ಮನೆಗೆಲಸಕ್ಕಿರುವ ಫಿಲಿಪಿನೋ ಹೆಂಗಸರಿಗೆ. ಅವರಿಗೆ ಅವರದೇ ಭಾಷೆಯನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸುವ ಜರೂರು ಯಾರಿಗೆ? ಪರದೆಯ ಕೆಳಗೆ ಒಂದಕ್ಷರ ಬರಲಿಲ್ಲ. ಆಗ ಸಮಾಜದ ಅಧ್ಯಕ್ಷರಿಗೆ ಹೊಳೆದದ್ದು ತಾಳಮದ್ದಳೆ: ಪರದೆಯ ಪಕ್ಕ ಕುಳಿತು ಪಾತ್ರಗಳ ಪರವಾಗಿ ಕನ್ನಡದಲ್ಲಿ ಅರ್ಥ ಹೇಳುವುದು. ಮೊದಲು ಭಾಗವತರನ್ನೂ ಮದ್ದಳೆಯವನನ್ನೂ ಕರೆಸಬೇಕೆಂದೇ ಇತ್ತು; ಮನಿಲಾದ ರೈಲಿಗೆ ಯಾವ ತಾಳ ಎಂಬಲ್ಲಿ ತಕರಾರಾಗಿ ಬಿಟ್ಟುಹೋಯಿತು. ಅರ್ಥ ಮಾತ್ರ ಉಳಿಯಿತು. ನಿವೃತ್ತ ಬ್ಯಾಂಕ್ ಮ್ಯಾನೇಜರರಾದ ಅಧ್ಯಕ್ಷರು ಎಲ್ಲವನ್ನೂ ಮುಂಚಿತವಾಗಿ ಯೋಚಿಸುವವರು. "ನೋಡೋ ತ್ರ್ಯಂಬಕಾ, ಬಡತನದ ಸಿನೆಮಾ. ಸಭೆಯಲ್ಲಿ ಬಡವರೇ ಇಲ್ಲದಿದ್ರೆ ಚಂದ ಕಾಣ್ತದ್ಯಾ? ತದಡಿ ಬದಿಯವರು ಒಬ್ಬರು ಬೇಕು, ಭಟ್ಕಳದವರು ಒಬ್ಬರು, ಹೆಣ್ಣುಮಕ್ಕಳಲ್ಲಿ ಒಬ್ಬರು. ಒಬ್ಬರಲ್ಲೇ ಎರಡು ಮುಗಿದ್ರೆ ಮತ್ತೂ ಅನುಕೂಲ" ಎಂದಿದ್ದರು. ಭಟ್ಕಳದ್ದು ಸೀಡಿ ತಂದುಕೊಟ್ಟವರಲ್ಲೇ ಮುಗಿಯಿತೆಂದು ಇಟ್ಟುಕೊಂಡರು. ಉಳಿದೆರಡು ಒಬ್ಬಳಲ್ಲೇ ಮುಗಿದವು: ಧನ್ಯಾ ತದಡಿಯ ಮೀನುಗಾರರ ಕೇರಿಯವಳು, ಹೆಣ್ಣು, ತ್ರ್ಯಂಬಕನ ಕನ್ನಡ ತರಗತಿಯಲ್ಲಿ ಎರಡನೆಯ ಬೆಂಚಿನವಳು.

ಸ್ನಾನದ ನೀರು ತಲೆಯ ಮೇಲೆ ಬಿದ್ದಾಗ ಆ ದಿನ ಮತ್ತೆ ಬಂತು. ಕಾಲೇಜಿನ ಟೀವಿ ಕೋಣೆ. ಮೊದಲನೆಯ ಸೀಡಿ ಹಾಕಿದ್ದಾರೆ. ಪರದೆಯಲ್ಲಿ ತಾಯಿ ಗಂಜಿಗೆ ನೀರು ಹೊಯ್ಯುತ್ತಿದ್ದಾಳೆ, ಮತ್ತೊಮ್ಮೆ ಹೊಯ್ಯುತ್ತಿದ್ದಾಳೆ. ಏನಾದರೂ ಹೇಳು ನೋಡೋಣ, ಹೆದರಬೇಡ ಎಂದು ತ್ರ್ಯಂಬಕ ದೊಡ್ಡತನದಿಂದ ಅಂದಿದ್ದ. ಧನ್ಯಾ ಸುಮ್ಮನೆ ನೋಡುತ್ತ ನಿಂತಿದ್ದವಳು, ತಾಯಿ ಬಟ್ಟಲನ್ನು ಮಗಳ ಕಡೆ ದೂಡಿದ ಹೊತ್ತಿಗೆ ಸಣ್ಣ ದನಿಯಲ್ಲಿ, "ಉಣ್ಣು. ನಂಗೆ ಆಗ್ಲೇ ಆತು" ಎಂದಳು. ಅಷ್ಟೇ. ಕೋಣೆಯಲ್ಲಿದ್ದವರೆಲ್ಲ ಗಪ್ಪಾದರು. ತ್ರ್ಯಂಬಕನ ಕಣ್ಣಲ್ಲೂ ನೀರು ಬಂತು, ಸುಳ್ಳಲ್ಲ. ತಾಯಿಯ ಪಾತ್ರ ನಿನ್ನದೇ ಹುಡುಗಿ ಎಂದದ್ದು ಆ ನೀರೇ. ಆದರೆ ಕಣ್ಣು ಒಣಗುವ ಮೊದಲೇ ಅದರ ಹಿಂದಿನಿಂದ ಮತ್ತೊಂದು ಬಂದು ಕುಳಿತಿತ್ತು. ಇಷ್ಟು ವರ್ಷ ಎಷ್ಟೋ ದೇವಸ್ಥಾನಗಳ ಚಂದ್ರಶಾಲೆಯ ಜಗಲಿಯಲ್ಲಿ ಅವನು ಅರ್ಥ ಹೇಳಿದ್ದ. ಯಾವಾಗಲೂ ಅಕ್ರೂರ, ಇಲ್ಲದಿದ್ದರೆ ದೂತ, ಇಲ್ಲದಿದ್ದರೆ ಬ್ರಾಹ್ಮಣ. ಹೊನ್ನಾವರದ ದೇವಸ್ಥಾನವೊಂದರ ತಾಳಮದ್ದಳೆ ಕೂಟದಲ್ಲಿ ಅವನು ದೂತನಾಗಿ ಎರಡು ಶ್ಲೋಕ ಜಾಸ್ತಿ ಹೇಳಿದಾಗ ಎದುರಿನ ಹಿರಿಯ ಅರ್ಥಧಾರಿ, "ಎಲೈ ದೂತ, ಬಂದ ಕೆಲಸವಾಯಿತು. ಇನ್ನು ನಿಂತರೆ ನಿನ್ನ ಒಡೆಯನಿಗೇ ಅವಮಾನ. ಹೊರಡು" ಎಂದು ಪಾತ್ರದೊಳಗಿಂದಲೇ ಎಬ್ಬಿಸಿ ಕಳಿಸಿದ್ದರು. ಜನ ಚಪ್ಪಾಳೆ ತಟ್ಟಿದ್ದರು. ಅವನು ಎದ್ದು ಹೋಗಿ ಕೈಕಾಲು ತೊಳೆಯುವ ಕಟ್ಟೆಯ ಹತ್ತಿರ ನಿಂತು, ಕಾಲು ಸ್ವಚ್ಛವಿದ್ದರೂ ತೊಳೆದುಕೊಂಡಿದ್ದ. ಕೂಟದಲ್ಲಿ ಎದುರಿನವನು ಒಮ್ಮೆ ಆಡಿದ್ದನ್ನು ಇಲ್ಲವೆನ್ನುವಂತಿಲ್ಲ. ಹೊರಡು ಎಂದರೆ ಹೊರಡಲೇಬೇಕು. ಅದೇ ಆ ಕಲೆಯ ಮರ್ಯಾದೆ. ಅಂಥವನ ಎದುರಿಗೆ, ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎರಡು ಮುಕ್ಕಾಲು ಮಾತಿನಲ್ಲಿ ಕೋಣೆಯನ್ನು ಗಪ್ಪು ಮಾಡುವುದೆಂದರೆ? ಮಾರನೆಯ ದಿನ ಅಧ್ಯಕ್ಷರ ಮನೆಯ ಜಗಲಿಯಲ್ಲಿ, "ಹುಡುಗಿ ಚಲೋ ಇದ್ದಾಳೆ. ಭಾಷೆಯೊಂದು..." ಎಂದು ಅವನು ವಾಕ್ಯವನ್ನು ಅರ್ಧಕ್ಕೇ ಬಿಟ್ಟಿದ್ದ. ಅಧ್ಯಕ್ಷರು ಅರ್ಧ ಬಿಟ್ಟ ಯಾವುದನ್ನೂ ಸಹಿಸುವವರಲ್ಲ. ಪೂರ್ತಿ ಮಾಡಿದರು.

ಸಭಾಭವನದ ಬಾಗಿಲಲ್ಲಿ ಧನ್ಯಾ ಅವ್ವನ ಜೊತೆ ಆಗಲೇ ಬಂದು ನಿಂತಿದ್ದಳು. ಅವ್ವ ನಾಗು ಮೀನು ಮಾರುವವಳು. ಇವತ್ತು ಬುಟ್ಟಿ ಇಳಿಸಿ, ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟು, ಮಗಳ ಜಡೆಗೆ ಅಬ್ಬಲಿ ಹೂ ಮುಡಿಸಿ ಬಂದಿದ್ದಳು. ಒಳಗೆ ಮುಂದಿನ ಎರಡು ಸಾಲು ಕುರ್ಚಿಗಳಲ್ಲಿ ಆಮಂತ್ರಿತರು. ಅದಕ್ಕೂ ಮುಂದೆ, ಪರದೆಗೆ ತೀರ ಹತ್ತಿರ, ವಿಶೇಷ ಗೌರವದಿಂದ ಒಂದು ಚಾಪೆ ಹಾಸಿತ್ತು. ಅದು ತದಡಿಯವರಿಗೆಂದು ಯಾರೂ ಹೇಳಿರಲಿಲ್ಲ. ನಾಗು ನೋಡಿದ ಕೂಡಲೇ ತಿಳಿದುಕೊಂಡು ಹೋಗಿ ಕುಳಿತಳು. ತ್ರ್ಯಂಬಕ ಧನ್ಯಾಳನ್ನು ಕಂಬದ ಮರೆಗೆ ಕರೆದ. ಬೆಳಗಿನಿಂದ ಜೋಡಿಸಿಟ್ಟುಕೊಂಡ ಮಾತು ಗಂಟಲಲ್ಲಿ ಸರದಿಗೆ ನಿಂತಿತ್ತು.

"ಹುಡುಗೀ, ಈ ಚಿತ್ರದಲ್ಲಿ ಸೂಕ್ಷ್ಮವಾದ ಪಾತ್ರ ಯಾವುದು ಗೊತ್ತುಂಟಾ?"

"ಅವ್ವಂದು ಸರ್."

"ಅದು ಮೇಲ್ನೋಟಕ್ಕೆ. ವಿಚಾರ ಮಾಡಿದರೆ ಮಗಳದ್ದು. ತಾಯಿಯದ್ದು ಬರೀ ಮಾತು. ಮಗಳದ್ದು ಕೇಳುವುದು. ಕೇಳುವುದು ಬಹಳ ಕಷ್ಟದ ಕಲೆ. ಅದಕ್ಕೇ ಆ ಕಷ್ಟದ್ದನ್ನು ನಿನಗೆ ಕೊಟ್ಟು, ಸುಲಭದ್ದನ್ನು ನಾನೇ ಇಟ್ಟುಕೊಳ್ಳುವ ಅಂತ..."

ಧನ್ಯಾ ಅವನ ಮುಖವನ್ನೇ ನೋಡಿದಳು. ಗಲ್ಲದ ಮೇಲಿನ ಗೀರನ್ನು ನೋಡುತ್ತಿದ್ದಾಳೋ ಏನೋ ಎಂದು ಅವನು ಅಲ್ಲಿ ಬೆರಳಿಟ್ಟುಕೊಂಡ. "ಮಗಳು ಎಂತ ಹೇಳ್ಬೇಕು ಸರ್?"

"ಹೌದವ್ವಾ ಅಂದರಾಯಿತು. ಎರಡು ಕಡೆ. ಮೂರು ಕಡೆ ಅಂದರೂ ತೊಂದರೆಯಿಲ್ಲ."

"ಆತು ಸರ್," ಎಂದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಸಿಟ್ಟಾಗಿದ್ದರೆ ಕ್ಷಮಿಸಬಹುದಿತ್ತು. ಎರಡಕ್ಕೂ ತಯಾರಾಗಿ ಬಂದಿದ್ದ ತ್ರ್ಯಂಬಕನಿಗೆ, ಹುಡುಗಿಗೆ ಇಷ್ಟೂ ಸೌಜನ್ಯವಿಲ್ಲವಲ್ಲ ಎನಿಸಿತು.

ಪ್ರಾಸ್ತಾವಿಕ ಭಾಷಣ ಅವನದೇ. ಪತ್ರಿಕೆಯಲ್ಲಿ ಓದಿದ್ದನ್ನು ಕನ್ನಡಕ್ಕೆ ತಿರುಗಿಸಿ, ನಡುವೆ ಸ್ವಂತದ್ದನ್ನೂ ಸೇರಿಸಿ, "ಬಡವರ ದನಿಯನ್ನು ನಾವು ಕಸಿದುಕೊಳ್ಳಬಾರದು. ಅವರು ಮಾತಾಡಲಿ, ನಾವು ಕೇಳೋಣ" ಎಂದು ಮುಗಿಸಿದ. ಚಪ್ಪಾಳೆಯಾಯಿತು. ಆಮೇಲೆ ಮೈಕನ್ನು ಕೆಳಗಿಡದೆ ಪರದೆಯ ಬಲಕ್ಕೆ ಕುಳಿತು, ಮನಿಲಾದ ವಿಧವೆಯಾದ. ಎಡಕ್ಕೆ ಇನ್ನೊಂದು ಮೈಕಿನ ಮುಂದೆ ಧನ್ಯಾ. ಪ್ರೊಜೆಕ್ಟರು ತಂದಿದ್ದ ಕೇಬಲ್ ಟೀವಿಯ ಸಂಜಯ ದೀಪ ಆರಿಸಿ, ಪರದೆಯ ತಾಯಿಯ ದನಿಯನ್ನು ಸಣ್ಣ ಮಾಡಿದ.

ಮೊದಲ ರೈಲು ಹೋಗುವವರೆಗೆ ಎಲ್ಲವೂ ಚೆನ್ನಾಗಿತ್ತು. ತ್ರ್ಯಂಬಕನ ಗಂಟಲು ತೆರೆದುಕೊಂಡಿತ್ತು; ಇಷ್ಟು ವರ್ಷ ಅಕ್ರೂರನ ಬಾಯಲ್ಲಿ ಇಡಲಾಗದೆ ಉಳಿದ ಮಾತುಗಳೆಲ್ಲ ಈಗ ಒಂದು ಗತಿ ಕಂಡವು. ಪರದೆಯಲ್ಲಿ ತಾಯಿ ಹೊಸ್ತಿಲಲ್ಲಿ ಕುಳಿತು ಮಗಳ ತಲೆಯ ಹೇನು ಹೆಕ್ಕುತ್ತ ಏನೋ ಎರಡು ಮಾತು ಆಡಿದಳು. ತ್ರ್ಯಂಬಕ ಉಸಿರು ತುಂಬಿಕೊಂಡ. "ಮಗಳೇ, ದಾರಿದ್ರ್ಯವೆಂಬುದು ಪೂರ್ವಾರ್ಜಿತ ಕರ್ಮದ ಫಲವೋ, ಅಥವಾ ಪ್ರಭುತ್ವವು ಸಂಪತ್ತನ್ನು ವಿಷಮವಾಗಿ ವಿಭಜಿಸಿದುದರ ಪರಿಣಾಮವೋ? ಈ ಲೋಹಪಥದ ಮೇಲೆ ಧಾವಿಸುವ ಅಗ್ನಿಶಕಟವನ್ನು ನೋಡು. ಅದು ಯಾರನ್ನು ಹೊತ್ತೊಯ್ಯುತ್ತದೆ? ಉಳ್ಳವರನ್ನು. ಯಾರನ್ನು ತೊರೆದು ಹೋಗುತ್ತದೆ? ಹೇಳು ಮಗಳೇ!" ಪರದೆಯ ತಾಯಿ ಅಷ್ಟರಲ್ಲಿ ಹೇನು ಮುಗಿಸಿ, ಒಲೆ ಹಚ್ಚಿ, ಪಕ್ಕದ ಮನೆಯವಳ ಜೊತೆ ಜಗಳಕ್ಕೆ ನಿಂತಿದ್ದಳು. ತ್ರ್ಯಂಬಕ ಎಡಕ್ಕೆ ತಿರುಗಿ, ಈಗ ಹೌದವ್ವಾ ಅನ್ನು ಎಂಬಂತೆ ಗಲ್ಲ ಆಡಿಸಿದ.

"ಅವ್ವಾ," ಎಂದಳು ಧನ್ಯಾ ಮೈಕಿನಲ್ಲಿ, "ತಲೆ ಅರ್ಧಕ್ಕೇ ಬಿಟ್ಯಲೇ. ಈ ಬದಿ ಇನ್ನೂ ತುರಿಸ್ತದೆ."

ಸಭೆ ಒಮ್ಮೆಲೇ ಘೊಳ್ಳೆಂದಿತು. ಚಾಪೆಯ ಮೇಲೆ ನಾಗು ಬಾಯಿಗೆ ಸೆರಗು ಹಿಡಿದುಕೊಂಡಳು. ತ್ರ್ಯಂಬಕ ಪಾತ್ರ ಬಿಡಲಿಲ್ಲ. "ಬಾಲೆ, ದೇಹದ ತುರಿಕೆಗಿಂತ ಆತ್ಮದ ತುರಿಕೆ ದೊಡ್ಡದು! ನಾನು ಕೇಳಿದ್ದಕ್ಕೆ ಉತ್ತರವೇನು?"

"ನೀ ಯಾವಾಗ ಹೀಂಗೆ ಮಾತಾಡೂಕೆ ಕಲ್ತೆ ಅವ್ವಾ? ನಿನ್ನೆ ವರೆಗೆ ಸಮಾ ಇದ್ದಿದ್ದೆ. ಅಕ್ಕಿ ಖರ್ಚಾದೆ ಅಂತ ಹೇಳೂಕೆ ಇಷ್ಟುದ್ದ ಎಂತಕೆ? ನಂಗೆ ಗೊತ್ತದೆ. ಡಬ್ಬಿ ಮುಚ್ಚಲು ತೆಗೆಯೂ ಶಬ್ದದಾಗೇ ಗೊತ್ತಾತದೆ."

ಈ ಸಲ ನಗು ಬಂದದ್ದು ಅರ್ಧ ಮಾತ್ರ. ಉಳಿದರ್ಧಕ್ಕೆ ಸಭೆ ಆ ದಿನದ ಟೀವಿ ಕೋಣೆಯಂತೆ ಗಪ್ಪಾಯಿತು. ಯಾರೋ ಹೆಂಗಸು ಕತ್ತಲಲ್ಲಿ ಚ್ಚು ಚ್ಚು ಎಂದಳು. ಆ ಚ್ಚು ಚ್ಚು ತನ್ನ ಪಾತ್ರಕ್ಕೆ ಸಲ್ಲಬೇಕಾದ್ದು, ಎಡಗಡೆಗೆ ಹೋಯಿತು ಎಂದು ತ್ರ್ಯಂಬಕನ ಬೆನ್ನು ಬಿಸಿಯಾಯಿತು. ಚಂದ್ರಶಾಲೆ, ಕೈಕಾಲು ತೊಳೆಯುವ ಕಟ್ಟೆ, ಪಾದದ ಮೇಲೆ ತಣ್ಣಗೆ ಬಿದ್ದ ನೀರು. ಈ ಹುಡುಗಿಗೆ ಯಾರು ಹೇಳಿಕೊಟ್ಟರು ಇದನ್ನೆಲ್ಲ? ಅವನ ಬಾಯಿ ತಾನಾಗಿಯೇ ಆ ಹಿರಿಯ ಅರ್ಥಧಾರಿಯ ದನಿ ತೆಗೆಯಿತು: "ಹೆತ್ತವಳಿಗೆ ಎದುರುತ್ತರವೇ? ಉದ್ಧಟೆ! ಹೆತ್ತ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದೇನೆ. ನಾನಾಗಿ ಬಿಡಿಸುವ ತನಕ ನಿನ್ನ ಬಾಯಿಂದ ಒಂದಕ್ಷರ ಹೊರಬೀಳಕೂಡದು. ಇದು ನನ್ನ ಆಣೆ!"

ಹಿಂದಿನ ಸಾಲಿನ ತಾಳಮದ್ದಳೆ ರಸಿಕರು ಭಲೇ ಎಂದರು. ಎಂಥ ಪಟ್ಟು! ಪಾತ್ರದೊಳಗಿಂದ ಆಣೆ ಹಾಕಿದರೆ ಎದುರಿನವರು ಮುರಿಯುವಂತಿಲ್ಲ. ಧನ್ಯಾ ಮೈಕಿನ ಗುಂಡಿ ಒತ್ತಿ ಆರಿಸಿದಳು. ಎದ್ದು, ಪರದೆಯ ಬೆಳಕಿನಲ್ಲಿ ತಲೆ ತಗ್ಗಿಸಿಕೊಂಡು ದಾಟಿ, ಚಾಪೆಯ ಮೇಲೆ ಅವ್ವನ ಪಕ್ಕ ಕುಳಿತಳು. ಅಲ್ಲಿಂದಾಚೆ ಮೊದಲನೆಯ ಸೀಡಿ ಮುಗಿಯುವವರೆಗೆ ತ್ರ್ಯಂಬಕನನ್ನು ತಡೆಯುವವರಿರಲಿಲ್ಲ. ಜಾಗತೀಕರಣ ಬಂತು, ಉಪನಿಷತ್ತು ಬಂತು, ಗಂಜಿಯ ದೃಶ್ಯದಲ್ಲಿ ಅನ್ನವೇ ಬ್ರಹ್ಮವೆಂದು ಅವನು ಸಾಧಿಸಿದಾಗ ಅಧ್ಯಕ್ಷರೇ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಸಂಜಯ ಎರಡನೆಯ ಸೀಡಿ ಹಾಕಿದ. ಆ ಸೀಡಿಯನ್ನು ತ್ರ್ಯಂಬಕ ನೋಡಿರಲಿಲ್ಲ. ಮೊದಲನೆಯದರ ಎದುರು ತನ್ನ ಅರ್ಥವನ್ನು ತಿದ್ದುವುದರಲ್ಲೇ ರಜೆಗಳೆಲ್ಲ ಹೋಗಿದ್ದವು. ಎರಡನೆಯದರಲ್ಲಿಯೂ ತಾಯಿಯೇ ತಾನೇ, ತನ್ನಲ್ಲಿ ಇನ್ನೂ ಬೇಕಷ್ಟು ಮಾತುಂಟು ಎಂಬ ಧೈರ್ಯ. ಪರದೆಯಲ್ಲಿ ಬೆಳಗಾಯಿತು. ತಾಯಿ ಬಾಲ್ದಿ ಹಿಡಿದು ನೀರಿಗೆ ಹೊರಟಳು. "ಮಗಳೇ, ಜಲವೇ ಜೀವನ..." ಎಂದು ಅವನು ಶುರುಮಾಡುವುದರೊಳಗೆ ಅವಳು ಹಳಿ ದಾಟಿದಳು, ರೈಲು ಬಂತು, ರೈಲು ಹೋಯಿತು, ಹಳಿಯ ಆಚೆ ಬಾಲ್ದಿ ಉರುಳುತ್ತಿತ್ತು. ತಾಯಿ ಇರಲಿಲ್ಲ.

ತ್ರ್ಯಂಬಕ ಮೈಕು ಹಿಡಿದುಕೊಂಡೇ ಕುಳಿತಿದ್ದ. ಇದು ಕನಸಿರಬಹುದು, ಅಥವಾ ಆಸ್ಪತ್ರೆಯ ದೃಶ್ಯ ಬರಬಹುದು ಎಂದು ಕಾದ. ಬಂದದ್ದು ಹೆಣ. ಅದರ ಮೇಲೆ ಹೂವಿನ ಚಿತ್ರದ ಒಂದು ಹಳೆಯ ಚಾದರ. ಆಮೇಲೆ ಮಗಳು ಪರದೆಯ ತುಂಬ ಬಂದು ಬಾಯಿ ತೆರೆದಳು. ಮೊದಲ ಅರ್ಧದಲ್ಲಿ ಹೆಚ್ಚುಕಡಿಮೆ ತುಟಿ ಪಿಟ್ಟೆನ್ನದೆ ಇದ್ದವಳು ಈಗ ಮಾತಾಡತೊಡಗಿದಳು. ಹೆಣದ ಹತ್ತಿರ ಮಾತಾಡಿದಳು, ಪೊಲೀಸರ ಹತ್ತಿರ, ಗುಡಿಸಲು ಕೆಡವಲು ಬಂದವರ ಹತ್ತಿರ, ಸೊಂಟಕ್ಕೆ ಕೈಯಿಟ್ಟುಕೊಂಡು, ಕೂದಲು ಕೆದರಿಕೊಂಡು ಮಾತಾಡಿದಳು. ಸಭಾಭವನದಲ್ಲಿ ಮಾತ್ರ ಸದ್ದಿಲ್ಲ. ಸತ್ತ ಪಾತ್ರಕ್ಕೆ ಅರ್ಥವಿಲ್ಲ. ಅದು ಎಳೆಯ ಮಕ್ಕಳಿಗೂ ಗೊತ್ತು. ಜನ ಚಾಪೆಯ ಕಡೆ ನೋಡತೊಡಗಿದರು. ಅಧ್ಯಕ್ಷರು ಕುರ್ಚಿಯಿಂದ ಬಗ್ಗಿ, "ಏ ತ್ರ್ಯಂಬಕಾ, ಹುಡುಗಿಗೆ ಹೇಳೋ, ಹುಡುಗಿಗೆ" ಎಂದು ಪಿಸುಗುಟ್ಟಿದರು.

ಅವನು ಎದ್ದ. ಪರದೆಯ ಬೆಳಕಿನಲ್ಲಿ ಅವನ ಹೊಟ್ಟೆಯ ನೆರಳು ಮನಿಲಾದ ಕೇರಿಯ ಮೇಲೆ ಬಿತ್ತು. ಚಾಪೆಯ ಹತ್ತಿರ ಹೋಗಿ ಮಂಡಿ ಬಗ್ಗಿಸಿ, ಮೈಕನ್ನು ಮುಂದೆ ಹಿಡಿದು, "ಧನ್ಯಾ, ಬಾರೇ. ಎಲ್ಲ ನಿನ್ನದೇ ಮಾತು ಈಗ" ಎಂದ. ಪ್ರಾಮಾಣಿಕವಾಗಿಯೇ ಅಂದ. ಬೆಳಗಿನಿಂದ ಅವನು ಆಡಿದ ಮೊದಲ ಶುದ್ಧ ಮಾತು ಅದು.

ಧನ್ಯಾ ಬಾಯಿ ತೆರೆಯಲಿಲ್ಲ. ಆಣೆಯಲ್ಲವೇ? ಅವ್ವನ ಕಿವಿಯತ್ತ ಬಗ್ಗಿ ಏನೋ ಹೇಳಿದಳು. ನಾಗು ಬಹಳ ಮರ್ಯಾದೆಯಿಂದ, "ಆಣೆ ಹಾಕ್ದವ್ರು ಸತ್ತು ಹೋದ್ರಲ್ರಾ ಸರಾ, ಇನ್ನು ಬಿಡ್ಸೂದು ಯಾರು ಅಂತ ಹುಡ್ಗಿ ಕೇಳ್ತದೆ. ನಂಗೆ ನಿಮ್ಮ ಆಟದ ಕಾನೂನು ಗೊತ್ತಿಲ್ಲ. ಹೌದನ್ರಾ ಅದು?" ಎಂದಳು.

ಹೌದು. ಅದು ಹೌದೆಂದು ತಿಳಿದವರಲ್ಲಿ ಅವನೇ ಮುಖ್ಯನಾಗಿದ್ದ. ಬೇಡಿಕೊಳ್ಳೋಣವೆಂದರೆ ಹಿಂದಿನ ಸಾಲಿನ ರಸಿಕರು ಕುಳಿತಿದ್ದಾರೆ. ಸತ್ತವಳು ಎದ್ದುಬಂದು ಆಣೆ ಬಿಡಿಸಿದಳೆಂದು ಕೂಟ ಕೂಟಗಳಲ್ಲಿ ಹೇಳಿ ನಗುತ್ತಾರೆ. ಕ್ಷಮಿಸು ಎನ್ನಲು ಒಂದು ಮಾತು ಸಾಕಿತ್ತು, ಅದು ಪಾತ್ರದ ಮಾತಾಗುವುದಿಲ್ಲ. ಅವನು ಬಂದ ದಾರಿಯಲ್ಲೇ ನೆರಳಿನ ಸಮೇತ ಹಿಂದೆ ಹೋಗಿ ಕುಳಿತ. ಸಂಜಯ ಯಾರೂ ಹೇಳದೆಯೇ ಪರದೆಯ ದನಿಯನ್ನು ದೊಡ್ಡದು ಮಾಡಿದ. ಉಳಿದ ಸಿನೆಮಾ ತನ್ನದೇ ಭಾಷೆಯಲ್ಲಿ ನಡೆಯಿತು. ಯಾರೂ ಏಳಲಿಲ್ಲ. ಗುಡಿಸಲಿನ ತಗಡು ಕಿತ್ತಾಗ ನಾಗು, "ಅಯ್ಯೋ, ಅದೊಂದು ಬಿಡ್ರಾ ಅವ್ಳಿಗೆ" ಎಂದು ಗಟ್ಟಿಯಾಗಿಯೇ ಹೇಳಿದಳು. ಕುರ್ಚಿಯ ಸಾಲಿನಿಂದಲೂ ಹೌದೌದು ಎಂಬ ದನಿ ಬಂತು. ಒಂದು ಶಬ್ದವೂ ತಿಳಿಯದೆ ಇವರಿಗೆಲ್ಲ ಏನು ತಿಳಿಯುತ್ತಿದೆ ಎಂದು ತ್ರ್ಯಂಬಕನಿಗೆ ತಿಳಿಯಲಿಲ್ಲ. ತಾನು ಇಲ್ಲದೆಯೂ ತಿಳಿಯುತ್ತಿದೆ ಎಂಬುದೊಂದು ತಿಳಿದು, ಅದನ್ನು ಅಲ್ಲೇ ಬಿಟ್ಟ.

ದೀಪ ಬಂದಾಗ ಅವನು ತಲೆ ಎತ್ತಲಿಲ್ಲ. ಆದರೆ ಅಧ್ಯಕ್ಷರು ವೇದಿಕೆಗೆ ಬಂದು ಗಂಟಲು ಸರಿಮಾಡಿಕೊಂಡರು. "ಮಹನೀಯರೇ, ಉತ್ತರಾರ್ಧದಲ್ಲಿ ನಮ್ಮ ತ್ರ್ಯಂಬಕ ಮಾಸ್ತರರು ಒಂದಕ್ಷರ ಆಡಲಿಲ್ಲ. ಏಕೆ? ಬಡವರ ದನಿಯನ್ನು ಕಸಿದುಕೊಳ್ಳಬಾರದೆಂದು ಅವರೇ ಹೇಳಿದ್ದರು. ಹೇಳಿದ್ದನ್ನು ಮಾಡಿ ತೋರಿಸಿದರು! ಆ ಆಣೆಯೂ ಇದಕ್ಕಾಗಿಯೇ ಹೂಡಿದ ಯೋಜನೆ. ಇಂಥ ಮೌನವನ್ನು ನಾನು ಯಾವ ಕೂಟದಲ್ಲೂ ಕೇಳಿಲ್ಲ." ಚಪ್ಪಾಳೆ ಹಿಂದಿನ ಸಾಲಿನಿಂದ ಎದ್ದು ಮುಂದೆ ಬಂತು. ತ್ರ್ಯಂಬಕ ಅಲ್ಲವೆನ್ನಲು ಬಾಯಿ ತೆರೆದ. ಶಾಲು ಬಂತು. ಭುಜ ಅಲುಗಾಡಿದರೆ ಶಾಲು ಜಾರೀತು, ಹಿರಿಯರಿಗೆ ಅಗೌರವವಾದೀತು ಎಂದು ಸುಮ್ಮನೆ ನಿಂತು ಕೈಮುಗಿದ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಚಾಪೆ ಖಾಲಿಯಾಗಿತ್ತು.

ಬಸ್‌ಸ್ಟ್ಯಾಂಡಿಗೆ ಅವನು ಬಹುತೇಕ ಓಡಿಕೊಂಡೇ ಹೋದ. ಒಂದು ಮಾತು ಹೇಳಿಬಿಡಬೇಕು, ಪಾತ್ರದ್ದಲ್ಲದ್ದು, ಅವ್ವನ ಎದುರಿಗೇ. ತದಡಿಯ ಬಸ್ಸು ಹೊರಡಲು ಗುಡುಗುತ್ತ ನಿಂತಿತ್ತು. ಮುಚ್ಚಿದ ಗಾಜಿನ ಒಳಗೆ, ದೀಪದ ಹಳದಿಯಲ್ಲಿ, ಧನ್ಯಾ ಮಾತಾಡುತ್ತಿದ್ದಳು. ಒಂದು ಕೈಯಲ್ಲಿ ಇಲ್ಲದ ಮೈಕು ಹಿಡಿದು, ಗಲ್ಲ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, ತುಟಿಯನ್ನು ಉದ್ದಕ್ಕೆ ಎಳೆದೆಳೆದು ಏನೋ ಹೇಳುತ್ತಿದ್ದಳು. ನಾಗು ಸೆರಗು ಬಾಯಿಗೊತ್ತಿ ಮುಂದಿನ ಸೀಟಿಗೆ ಹಣೆ ತಾಗುವಷ್ಟು ಬಗ್ಗಿ ಅಲುಗುತ್ತಿದ್ದಳು. ಅವಳ ಕಣ್ಣಿನಿಂದ ನೀರಿಳಿಯುತ್ತಿತ್ತು. ಇಂಜಿನ್ನಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಗಾಜಿಗೆ ತಟ್ಟಲು ಎತ್ತಿದ ಕೈಯನ್ನು ತ್ರ್ಯಂಬಕ ಅಲ್ಲೇ ನಿಲ್ಲಿಸಿದ. ಆಡುವ ತುಟಿ ಕಂಡರೆ ಸುಮ್ಮನಿರುವ ಅಭ್ಯಾಸ ಅವನಿಗಿರಲಿಲ್ಲ. ಒಳಗಿನಿಂದ ಅರ್ಥ ತಾನಾಗಿ ಏಳತೊಡಗಿತು: 'ಅವ್ವಾ, ಸರ್ ಇಲ್ಲದಿದ್ದರೆ ನನ್ನಂಥವಳಿಗೆ ಆ ವೇದಿಕೆಯನ್ನು ಯಾರು ಕೊಡುತ್ತಿದ್ದರು? ಹೇಗೆ ಕುಳಿತಿದ್ದರು ನೋಡಿದೆಯಾ, ಹೇಗೆ ಹೇಳಿದರು! ಆಣೆ ಹಾಕಿದ್ದೂ ನನ್ನ ಒಳ್ಳೆಯದಕ್ಕೇ.' ತಾಯಿಯ ಕಣ್ಣಿನದು ಕೃತಜ್ಞತೆಯ ನೀರು. ಬೇರೇನಿರಲು ಸಾಧ್ಯ? ಬಸ್ಸು ತಿರುಗಿ ಹೊರಟಿತು. ಹುಡುಗಿಗೆ ಮನಸ್ಸಿನಲ್ಲಿ ಏನೂ ಬೇಜಾರಿಲ್ಲವೆಂದು ತಿಳಿದು ಹಗುರಾದ ತ್ರ್ಯಂಬಕ, ಅಲ್ಲೇ ಚಪ್ಪಲಿ ಕಳಚಿ, ದಕ್ಷಿಣಕ್ಕೆ ಇಡಗುಂಜಿಯ ದಿಕ್ಕಿಗೆ ತಿರುಗಿ, ಇಷ್ಟು ಒಳ್ಳೆಯ ಬುದ್ಧಿಯನ್ನು ಆ ಮಗುವಿಗೆ ಕೊಟ್ಟ ಗಣಪತಿಗೆ ಶಾಲು ಹೊದ್ದ ಹಾಗೆಯೇ ಕೈಮುಗಿದ.